ಅಲಂಕಾರದ ಕೊಡೆ

ನಮ್ಮ ಮನೆಯಲ್ಲಿ ಅಮ್ಮ ನಿಯಮ ಮಾಡುತ್ತಾಳೆ, ಮಾವ ಅದರಲ್ಲಿ ತೂತು ಹುಡುಕುತ್ತಾನೆ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ದೂರು ಎಂದೂ ಅಂದುಕೊಳ್ಳಬೇಡಿ. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದೇ ಹಾಗೆ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ, ಮನೆಯೊಳಗೇ ಅಡಗಿಕೊಳ್ಳಬೇಕು ಎಂದು ಅಮ್ಮ ಹೇಳಿದರೆ ಮಾವ ಪಕ್ಕದವರ ಮನೆಯೊಳಗೆ ಹೋಗಿ ಅಡಗುತ್ತಿದ್ದನಂತೆ. ಅದೂ ಮನೆಯೇ ತಾನೆ ಎಂದು ವಾದ ಬೇರೆ. ಅಮ್ಮನಿಗೆ ಅವತ್ತಿನ ಸಿಟ್ಟು ಇವತ್ತಿಗೂ ಆರಿಲ್ಲ.

ದೊಡ್ಡವರಾದ ಮೇಲೂ ಇಬ್ಬರೂ ಅದೇ ಆಟ ಮುಂದುವರಿಸಿದ್ದಾರೆ. ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಗೆ ನಿಯಮ ಬರೆಯುವ ಸಮಿತಿಗೆ ಅಮ್ಮ ಮುಖ್ಯಸ್ಥೆ. ಆ ಸ್ಪರ್ಧೆಗೆ ಇಳಿಯುವ ನಮ್ಮ ಶಾಲೆಯ ತಂಡಕ್ಕೆ ಮಾವ ತರಬೇತುದಾರ. ಅವನು ಅಲ್ಲೇ ಭೌತಶಾಸ್ತ್ರದ ಮೇಷ್ಟ್ರು, ಇರುವುದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ತಮ್ಮನ ತಂಡಕ್ಕೆ ಅಕ್ಕ ಗುಟ್ಟಾಗಿ ಏನೋ ಹೇಳಿಕೊಟ್ಟಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ, ಅದಕ್ಕಾಗಿ ಅಮ್ಮ ಮನೆಗೂ ಒಂದು ನಿಯಮ ಮಾಡಿದಳು. ನಿಯಮಗಳು ಪ್ರಕಟವಾದ ದಿನದಿಂದ ಬಹುಮಾನ ಹಂಚುವ ತನಕ ಮನೆಯಲ್ಲಿ ರೋಬೋಟಿನ ಮಾತು ಎತ್ತುವಂತಿಲ್ಲ. ಏನೇ ಅನುಮಾನ ಬಂದರೂ ಎಲ್ಲ ತಂಡಗಳ ಹಾಗೆ ಪ್ರಶ್ನೆ ಫಲಕದಲ್ಲೇ ಕೇಳಬೇಕು. ಪ್ರಶ್ನೆ ಫಲಕ ಎಂದರೆ ಸ್ಪರ್ಧೆಯ ವೆಬ್‌ಸೈಟಿನ ಒಂದು ಪುಟ. ಅಲ್ಲಿ ಯಾರು ಏನು ಕೇಳಿದರೂ ಎಲ್ಲರಿಗೂ ಕಾಣುತ್ತದೆ, ಸಮಿತಿ ಕೊಟ್ಟ ಉತ್ತರವೂ ಎಲ್ಲರಿಗೂ ಒಂದೇ.

ಹೀಗಾಗಿ ಮಾವ ನಡುಮನೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು ಫೋನಿನಲ್ಲಿ ಪ್ರಶ್ನೆ ಕುಟ್ಟುವುದು, ಅಮ್ಮ ಅಡುಗೆಮನೆಯಲ್ಲಿ ಕೈ ಒರೆಸಿಕೊಂಡು ಉತ್ತರ ಕುಟ್ಟುವುದು ನಮ್ಮ ಮನೆಯ ಸಂಜೆಯ ಕಾರ್ಯಕ್ರಮವಾಯಿತು. ಫೋನು ಟಿಣ್ ಎಂದರೆ ಮಾವ, ಸಮಿತಿಯವರ ಉತ್ತರ ಬಂತು ಎಂದು ಗಟ್ಟಿಯಾಗಿ ಓದುತ್ತಿದ್ದ. ಸಮಿತಿಯವರು ಒಗೆದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಅವನ ಹಿಂದಿನಿಂದಲೇ, ಕಿವಿ ಕೇಳದವರ ಹಾಗೆ, ಹಾದುಹೋಗುತ್ತಿದ್ದರು.

ಇನ್ನು ನನ್ನ ವಿಷಯ. ತಂಡದಲ್ಲಿ ನನ್ನ ಕೆಲಸ ಬ್ಯಾನರ್ ಹಿಡಿಯುವುದು. ಮಾತು ಚೆನ್ನಾಗಿ ಬರುತ್ತದೆ ಎಂಬ ಒಂದೇ ತಪ್ಪಿಗೆ, ತೀರ್ಪುಗಾರರು ಬಂದಾಗ ನಗುನಗುತ್ತಾ ವಿವರಿಸು ಎಂದು ಮುಂದೆ ನಿಲ್ಲಿಸುತ್ತಾರೆ. ವಿವರಿಸುವುದೆಲ್ಲ ಬೇರೆಯವರು ಮಾಡಿದ್ದನ್ನು. ನಾನು ಮಾಡಿದ ಒಂದು ತುಂಡು ತಗಡೂ ಇದುವರೆಗೆ ಕಣಕ್ಕೆ ಇಳಿದಿರಲಿಲ್ಲ. ಈ ವರ್ಷಕ್ಕೆ ನನ್ನ ಶಾಲೆಯೇ ಮುಗಿಯುತ್ತದೆ. ಈ ಸಲವಾದರೂ ನನ್ನ ಕೈಯಲ್ಲಿ ಆದದ್ದೊಂದು ಆ ಕಣದಲ್ಲಿ ಓಡಾಡಬೇಕು ಎಂದು ಹಟಕ್ಕೆ ಬಿದ್ದಿದ್ದೆ.

ಈ ಸಲದ ಆಟ ಸುಲಭದ್ದು. ಕಣದ ತುಂಬ ಸ್ಪಂಜಿನ ಚೆಂಡುಗಳು ಬಿದ್ದಿರುತ್ತವೆ, ರೋಬೋಟ್ ಅವನ್ನು ಬಾಚಿಕೊಂಡು ತನ್ನ ಮೂಲೆಗೆ ತಂದು ಸುರಿಯಬೇಕು. ಎಲ್ಲರೂ ಅದಕ್ಕೆ ಮೊರದಂಥದ್ದೋ ಉರುಳೆಯಂಥದ್ದೋ ಮಾಡುತ್ತಾರೆ. ನಾನು ಕೊಡೆ ಮಾಡಿದೆ. ರೋಬೋಟಿನ ನೆತ್ತಿಯ ಮೇಲೆ ಮುಚ್ಚಿದ ಕೊಡೆ ನೆಟ್ಟಗೆ ನಿಂತಿರುತ್ತದೆ. ಗುಂಡಿ ಒತ್ತಿದರೆ ಮುಂದಕ್ಕೆ ಬಾಗಿ, ಚೆಂಡುಗಳ ಮೇಲೆ ಬಿಚ್ಚಿಕೊಂಡು, ಮತ್ತೆ ಮುಚ್ಚಿಕೊಳ್ಳುವಾಗ ಅವನ್ನೆಲ್ಲ ಕಡ್ಡಿಗಳ ನಡುವೆ ಒಟ್ಟುಮಾಡಿ ಹೊಟ್ಟೆಗೆ ಎಳೆದುಕೊಳ್ಳಬೇಕು. ಬೇಕು ಎಂದೆ, ಎಳೆದುಕೊಳ್ಳುತ್ತದೆ ಎನ್ನಲಿಲ್ಲ. ಒಮ್ಮೆ ಬಿಚ್ಚಿಕೊಂಡರೆ ಮುಚ್ಚುತ್ತಿರಲಿಲ್ಲ, ಮುಚ್ಚಿದ್ದರೆ ಬಾಗುತ್ತಿರಲಿಲ್ಲ. ಒಂದು ದಿನ ಎರಡೂ ಒಟ್ಟಿಗೆ ಮಾಡಲು ಹೋಗಿ ಚೆಂಡನ್ನು ಮಾವನ ಚಹಾದೊಳಗೆ ಎಸೆಯಿತು. ರೋಬೋಟ್ ಓಡಿಸುವ ನಮ್ಮ ಹುಡುಗ, ಸದಾ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಇರುವುದರಿಂದ ನಾವು ಅವನನ್ನು ಸ್ಕ್ರೂ ಎಂದೇ ಕರೆಯುವುದು, ಆ ಸ್ಕ್ರೂ ಕೂಡ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

ಕೊಡೆ ಅಮ್ಮನದು. ಬಾಗಿಲ ಹಿಂದೆ ನೇತಾಡುತ್ತಿದ್ದದ್ದನ್ನು ಎತ್ತಿಕೊಂಡು ಹೋಗಿದ್ದೆ. ಕಪ್ಪು ಬಟ್ಟೆ, ಬಾತುಕೋಳಿಯ ತಲೆ ಕೆತ್ತಿದ ಮರದ ಹಿಡಿ. ಒಂದು ಬೆಳಿಗ್ಗೆ ಮೋಡ ಕವಿದಿತ್ತು, ಅಮ್ಮ ಆಫೀಸಿಗೆ ಹೊರಟವಳು ನನ್ನ ಕೊಡೆ ಎಲ್ಲಿ ಎಂದು ಇಡೀ ಮನೆ ಜಾಲಾಡಿದಳು. ನಾನು ಅನ್ನ ತಿನ್ನುತ್ತಿದ್ದ ತಟ್ಟೆಯೊಳಗೇ ಮುಖ ಹುದುಗಿಸಿದೆ. ಮಾವ ಮಾತ್ರ ತಣ್ಣಗೆ, "ಅಕ್ಕ, ಆ ವಿಷಯ ಮನೇಲಿ ಮಾತಾಡೋ ಹಾಗಿಲ್ಲ" ಎಂದ.

ಅಮ್ಮನಿಗೆ ತಕ್ಷಣ ಅರ್ಥವಾಯಿತು. ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಆಮೇಲೆ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹನಿಯುವ ಮಳೆಯಲ್ಲಿ ಬಸ್ ಸ್ಟಾಪಿಗೆ ನಡೆದಳು. ತಾನೇ ಮಾಡಿದ ನಿಯಮಕ್ಕಾಗಿ ತೊಪ್ಪೆಯಾಗುವ ಹೆಂಗಸು ನನ್ನಮ್ಮ. ನನಗೆ ಪಾಪ ಅನ್ನಿಸಿತು. ಆದರೆ ಕೊಡೆ ವಾಪಸ್ ಕೊಡುವಷ್ಟು ಪಾಪ ಅನ್ನಿಸಲಿಲ್ಲ.

ತೊಡಕು ಶುರುವಾದದ್ದು ಅಳತೆಯಲ್ಲಿ. ಪಂದ್ಯ ಆರಂಭವಾಗುವಾಗ ರೋಬೋಟ್ ಒಂದು ಮರದ ಪೆಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ಕೂರಿಸಿದ ಮೇಲೆ ಪೆಟ್ಟಿಗೆಯ ಬಾಯಿಯ ಮೇಲೆ ಒಂದು ಕೋಲು ಆಡಿಸಿ ನೋಡುತ್ತಾರೆ, ಕೋಲು ಎಲ್ಲೂ ತಾಗಬಾರದು. ನನ್ನ ಕೊಡೆ ಗೇಣುದ್ದ ಹೊರಗೆ ಇಣುಕುತ್ತಿತ್ತು. ಮೊಟಕು ಮಾಡಿದರೆ ಬಿಚ್ಚಿಕೊಳ್ಳಲು ಜಾಗವಿಲ್ಲ, ಮಲಗಿಸಿದರೆ ಬೇರೆ ಕಡೆ ಹೊರಬರುತ್ತದೆ. ಕೊನೆಗೆ ನಾನೇ ಬಿಚ್ಚಿ ಎತ್ತಿಡಲು ಹೊರಟಿದ್ದೆ, ಅಷ್ಟರಲ್ಲಿ ಮಾವನ ಕಣ್ಣು ನಿಯಮಗಳ ಕೊನೆಯ ಸಾಲಿಗೆ ಬಿತ್ತು. ಹಿಂದೊಂದು ವರ್ಷ ಪುಟ್ಟ ಮಕ್ಕಳ ತಂಡವೊಂದರ ಬೊಂಬೆ ಕೋಲಿಗೆ ತಾಗಿ, ಮಕ್ಕಳು ಗೊಳೋ ಎಂದು ಅತ್ತು ದೊಡ್ಡ ರಾದ್ಧಾಂತವಾಗಿತ್ತು. ಅವತ್ತಿನಿಂದ ಅಮ್ಮ ಕರುಣೆಯಿಂದ ಒಂದು ಸಾಲು ಸೇರಿಸಿದ್ದಳು: ಅಲಂಕಾರಕ್ಕೆ ಹಾಕಿದ್ದು ಅಳತೆಗೆ ಸೇರದು.

ಮಾವನ ಮುಖ ಅರಳಿದ್ದು ನೋಡಬೇಕಿತ್ತು. ಪಕ್ಕದವರ ಮನೆ ಬಾಗಿಲು ತೆರೆದಿದೆ ಎಂದು ಗೊತ್ತಾದ ಹುಡುಗನ ಮುಖ.

ಅವತ್ತು ಸಂಜೆಯಿಂದಲೇ ಪ್ರಶ್ನೆಗಳ ಸುರಿಮಳೆ. ಅಲಂಕಾರ ಎಂದರೆ ಏನು ಎಂದು ಮೊದಲು ಕೇಳಿದ. ಆಟದಲ್ಲಿ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಇರುವುದು ಅಲಂಕಾರ ಎಂದು ಅಡುಗೆಮನೆಯಿಂದ ಉತ್ತರ ಬಂತು. ಪೇಪರು ಹಿಡಿದು ಸೋಫಾದಲ್ಲಿ ಒರಗಿದ್ದ ಅಪ್ಪ ಒಮ್ಮೆ ತಲೆಯೆತ್ತಿ ನೋಡಿದ, ತನಗಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಪೇಪರಿಗೆ ಇಳಿದ. ಅಲಂಕಾರ ಅಲ್ಲಾಡಬಹುದೇ ಎಂದು ಮಾವ ಕೇಳಿದ. ಅಲ್ಲಾಡಬಹುದು. ಅಲ್ಲಾಡುವಾಗ ಚೆಂಡಿಗೆ ತಾಗಿದರೆ? ಆಕಸ್ಮಿಕವಾಗಿ ತಾಗಿದರೆ ತಪ್ಪಿಲ್ಲ. ಆಕಸ್ಮಿಕ ಎಂದು ಯಾರು ಹೇಳಬೇಕು? ಆ ಭಾಗವನ್ನು ಮಾಡಿದವರು ಹೇಳಬೇಕು, ಸಮಿತಿ ಅವರ ಮಾತನ್ನು ನಂಬುತ್ತದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ರೋಬೋಟಿಗೆ ಮೀಸೆ ಇಟ್ಟರೆ, ಆ ಮೀಸೆಗೆ ಎದುರಾಳಿ ಹೆದರಿ ಹಿಂದೆ ಸರಿದರೆ, ಮೀಸೆ ಕೆಲಸ ಮಾಡಿದಂತೆಯೋ ಇಲ್ಲವೋ ಎಂದೂ ಕೇಳಿದ. ಅದಕ್ಕೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಬಂತು.

ಮಾರನೆಯ ದಿನ ಮಾವ ತನ್ನ ಉಪಾಯ ಬಿಡಿಸಿ ಹೇಳಿದ. ಕೊಡೆಯನ್ನು ಅಲಂಕಾರ ಎಂದು ತೋರಿಸಿ ಪೆಟ್ಟಿಗೆ ದಾಟಿಸುವುದು. ಕಣದಲ್ಲಿ ಅದು ಏನಾದರೂ ಚೆಂಡು ಹಿಡಿದರೆ ಆಕಸ್ಮಿಕ ಎನ್ನುವುದು. ಅದು ಕೆಲಸ ಮಾಡಲಿ ಎಂದೇ ಮಾಡಿದ್ದು, ಹಾಗೆ ಹೇಳಿದರೆ ಸುಳ್ಳಾಗುತ್ತದೆ ಎಂದು ನಾನು ರೇಗಿದೆ. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟ.

"ನೋಡು ಪುಟ್ಟಿ, ನಿನ್ನ ಕೊಡೆ ಕೆಲಸ ಮಾಡಿದ್ರೆ ಅದಕ್ಕಿಂತ ದೊಡ್ಡ ಆಕಸ್ಮಿಕ ಇನ್ನೊಂದಿದ್ಯಾ? ಇದ್ರಲ್ಲಿ ಸುಳ್ಳೇನು ಬಂತು?"

ಅಳು ಬಂತು, ಆದರೆ ಅಳಲಿಲ್ಲ. ನಾನು ಮಾಡಿದ್ದು ಕಣಕ್ಕೆ ಇಳಿಯಬೇಕಾದರೆ ಅದು ಯಾವ ಕೆಲಸಕ್ಕೂ ಬಾರದು ಎಂದು ನನ್ನ ಬಾಯಲ್ಲೇ ಹೇಳಬೇಕಂತೆ. ಬ್ಯಾನರ್ ಹಿಡಿಯುವವಳು ಮಾಡಿದ ಅಲಂಕಾರ. ಆದರೂ ಹೂಂ ಎಂದೆ. ಇಳಿಯದೆ ಇರುವುದಕ್ಕಿಂತ ಅಲಂಕಾರವಾಗಿ ಇಳಿಯುವುದೇ ಮೇಲು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ, ಮುಖ ಊದಿಸಿಕೊಂಡು ಕೂತಿತು.

ಸ್ಪರ್ಧೆ ನಡೆದದ್ದು ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ. ಎಲ್ಲ ಕಡೆ ಮೇಜು, ವೈರು, ಬ್ಯಾಟರಿ, ಅಳುಮುಖದ ಮಕ್ಕಳು, ಅವರಿಗಿಂತ ಅಳುಮುಖದ ಮೇಷ್ಟ್ರುಗಳು. ಒಂದು ಬದಿಗೆ ತಪಾಸಣೆಯ ಜಾಗ. ಕೊರಳಿಗೆ ಟೇಪು ನೇತುಹಾಕಿಕೊಂಡ ಕಾಲೇಜು ಹುಡುಗನೊಬ್ಬ ನಮ್ಮ ತಪಾಸಕ. ಅಮ್ಮ ಸ್ವಲ್ಪ ದೂರದಲ್ಲಿ ಸಮಿತಿಯ ಮೇಜಿನ ಪಕ್ಕ ನಿಂತಿದ್ದಳು. ನಮ್ಮ ಸರದಿ ಬಂತು ಎಂದು ಮೈಕಿನಲ್ಲಿ ಕೂಗಿದ್ದೇ ತಡ, ನಮಗೆ ಬೆನ್ನು ತಿರುಗಿಸಿ ಗೋಡೆಯ ಗಡಿಯಾರ ನೋಡತೊಡಗಿದಳು. ಮಗಳ ರೋಬೋಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಸಮಿತಿಯಲ್ಲಿ ಹೇಳಿದ್ದಳಂತೆ.

ತಪಾಸಕ ರೋಬೋಟನ್ನು ಪೆಟ್ಟಿಗೆಯೊಳಗೆ ಇಳಿಸಿ ಕೋಲು ಆಡಿಸಿದ. ಠಕ್ ಎಂದು ಕೊಡೆಗೆ ತಾಗಿತು. ಇದೇನು ಎಂದು ಕೇಳಿದ. ಅಲಂಕಾರ ಎಂದು ಮಾವ ಹೇಳಿದ. ಅಲಂಕಾರಕ್ಕೆ ಮೋಟಾರು ಯಾಕೆ ಎಂದು ಅವನು ಕೇಳಿದ. ಅಲಂಕಾರ ಅಲ್ಲಾಡಬಹುದು ಎಂದು ಸಮಿತಿಯೇ ಹೇಳಿದೆ ಎಂದು ಮಾವ ಫೋನು ತೆಗೆದು ತೋರಿಸಿದ. ಹುಡುಗ ತಲೆ ಕೆರೆದುಕೊಂಡ. ಕೊನೆಗೆ ರೋಬೋಟನ್ನು ನೆಲಕ್ಕಿಳಿಸಿ, ಅದರ ಮುಂದೆ ಒಂದಷ್ಟು ಚೆಂಡು ಹರಡಿ, ಇದನ್ನು ನಡೆಸಿ ತೋರಿಸಿ, ಏನೂ ಮಾಡದಿದ್ದರೆ ಅಲಂಕಾರ ಎಂದು ಬಿಟ್ಟುಬಿಡುತ್ತೇನೆ ಎಂದ.

ಮಾವ ನೆಮ್ಮದಿಯ ಉಸಿರು ಬಿಟ್ಟ. ಕೊಡೆ ಏನೂ ಮಾಡುವುದಿಲ್ಲ ಎಂಬ ವಿಷಯದಲ್ಲಿ ಅವನಿಗೆ ಅಷ್ಟು ನಂಬಿಕೆ. ಸ್ಕ್ರೂ ಬಾಯಿಯ ಸ್ಕ್ರೂವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ, ಆಕಳಿಸುತ್ತಾ ಗುಂಡಿ ಒತ್ತಿದ.

ಕೊಡೆ ಮುಂದಕ್ಕೆ ಬಾಗಿತು. ನಯವಾಗಿ ಬಾಗಿತು. ಚೆಂಡುಗಳ ಮೇಲೆ ಸರಕ್ಕನೆ ಬಿಚ್ಚಿಕೊಂಡಿತು, ಒಂದು ಗಳಿಗೆ ನಿಂತಿತು, ಕಡ್ಡಿಗಳು ಒಂದೊಂದಾಗಿ ಒಳಗೆ ಮಡಚಿಕೊಂಡವು. ಒಂದೇ ಒಂದು ಚೆಂಡೂ ನೆಲದ ಮೇಲೆ ಉಳಿಯಲಿಲ್ಲ. ಆಮೇಲೆ ಕೊಡೆ ನೆಟ್ಟಗೆ ಎದ್ದು ನಿಂತು, ಬಾತುಕೋಳಿ ತಲೆಯನ್ನು ಒಮ್ಮೆ ಅಲ್ಲಾಡಿಸಿ ಸುಮ್ಮನಾಯಿತು.

ನಾನು ಕಿರುಚಿದೆ. ಬ್ಯಾನರ್ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ಸ್ಕ್ರೂ ಗಾಬರಿಯಲ್ಲಿ ಸ್ಕ್ರೂ ನುಂಗಲು ಹೋಗಿ ಕೆಮ್ಮಿದ. ಅಕ್ಕಪಕ್ಕದ ತಂಡದವರು ಚಪ್ಪಾಳೆ ತಟ್ಟಿದರು. ಮಾವ ಒಬ್ಬ ಮಾತ್ರ, ಮನೆಗೆ ಕಳ್ಳ ನುಗ್ಗಿದ್ದನ್ನು ಕಂಡವನ ಹಾಗೆ ನಿಂತಿದ್ದ. ಒಂದೆರಡು ಸಲ ನಾಲಿಗೆಯಿಂದ ತುಟಿ ಸವರಿಕೊಂಡು, ಇದು ಆಕಸ್ಮಿಕ ಎಂದ.

ತಪಾಸಕನಿಗೆ ದಿಕ್ಕು ತೋಚಲಿಲ್ಲ. ಅಮ್ಮನ ಹತ್ತಿರ ಓಡಿದ. ಅಮ್ಮ ಬಂದಳು. ಹೇಗೆ ಬಂದಳು ಎನ್ನುತ್ತೀರಿ, ಹಿಮ್ಮುಖವಾಗಿ. ನಮ್ಮ ಕಡೆ ಬೆನ್ನು ಮಾಡಿಕೊಂಡೇ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದು, ಒಂದು ಕುರ್ಚಿಗೆ ಡಿಕ್ಕಿ ಹೊಡೆದು, ಕುರ್ಚಿಯ ಕ್ಷಮೆ ಕೇಳಿ, ನಮ್ಮ ಮೇಜಿನ ಬಳಿ ನಿಂತಳು. ತಪಾಸಕ ನಡೆದದ್ದನ್ನೆಲ್ಲ ಅವಳ ಬೆನ್ನಿಗೆ ವರದಿ ಮಾಡಿದ. ಕಪ್ಪು ಕೊಡೆಯಂಥದ್ದು, ಬಾಗಿತು, ಬಿಚ್ಚಿತು, ಎಲ್ಲ ಚೆಂಡೂ ಒಳಗೆ ಎಳೆದುಕೊಂಡಿತು ಎಂದ. ಅಮ್ಮನ ಕಿವಿ ಕೆಂಪಗಾಗುವುದು ನನಗೆ ಕಾಣುತ್ತಿತ್ತು. ಒಂದೇ ಒಂದು ಸಲ ತಿರುಗಿ ನೋಡಲು ಅವಳ ಕತ್ತು ಎಷ್ಟು ಎಳೆಯುತ್ತಿತ್ತೆಂದರೆ, ಅದನ್ನು ತಡೆಯಲು ಎರಡೂ ಕೈಯಿಂದ ಕೊರಳ ಗುರುತಿನ ಚೀಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಎಲ್ಲ ಚೆಂಡೂ?" ಎಂದು ಕೇಳಿದಳು.

"ಎಲ್ಲ, ಮೇಡಂ."

ಅಮ್ಮ ಗಡಿಯಾರದ ಕಡೆಗೇ ನೋಡುತ್ತಾ, ಸಮಿತಿಯ ದನಿಯಲ್ಲಿ ಹೇಳಿದಳು. "ಮಾಡಿದವರನ್ನ ಕೇಳಿ. ಆಕಸ್ಮಿಕವೋ, ಕೆಲಸವೋ. ಅವರು ಏನು ಹೇಳ್ತಾರೋ ಸಮಿತಿಗೆ ಅದೇ ಖಾತ್ರಿ."

ತಪಾಸಕ ಕೇಳುವ ಮೊದಲೇ ಎಲ್ಲರೂ ನನ್ನ ಕಡೆ ತಿರುಗಿದರು. ಮಾವ ಅಮ್ಮನ ಬೆನ್ನ ಹಿಂದೆ ಎರಡೂ ಕೈ ಜೋಡಿಸಿ, ಹುಬ್ಬು ಮೇಲಕ್ಕೂ ಕೆಳಕ್ಕೂ ಕುಣಿಸಿ, ತುಟಿ ಮಾತ್ರ ಆಡಿಸುತ್ತಾ ಆ-ಕ-ಸ್ಮಿ-ಕ ಎನ್ನುತ್ತಿದ್ದ. ಆ ಒಂದು ಮಾತು ಹೇಳಿದ್ದರೆ ಕೊಡೆ ಕಣಕ್ಕೆ ಇಳಿಯುತ್ತಿತ್ತು. ಎಷ್ಟೋ ದಿನದಿಂದ ಬಯಸಿದ್ದು ಅದೊಂದನ್ನೇ. ಸಮಿತಿ ನಂಬುತ್ತಿತ್ತು, ನಿಯಮವೂ ಮುರಿಯುತ್ತಿರಲಿಲ್ಲ. ಆದರೆ ನಾನು ನೋಡಿದ್ದೆನಲ್ಲ, ಆ ಕಡ್ಡಿಗಳು ಒಂದೊಂದಾಗಿ ಮಡಚಿದ್ದನ್ನು. ಒಂದೊಂದಕ್ಕೂ ದಾರ ಕಟ್ಟಿದ್ದು ನಾನು. ಹಿಂದಿನ ದಿನ ಒಂದು ದಾರವನ್ನು ಕೂದಲೆಳೆಯಷ್ಟು ಸಡಿಲ ಮಾಡಿದ್ದೂ ನಾನೇ, ಯಾಕೆ ಮಾಡುತ್ತಿದ್ದೇನೆ ಎಂದು ಸರಿಯಾಗಿ ತಿಳಿದುಕೊಂಡೇ.

"ಆಕಸ್ಮಿಕ ಅಲ್ಲ. ಅದು ಕೆಲಸ ಮಾಡುತ್ತೆ. ನಾನೇ ಮಾಡಿದ್ದು" ಎಂದೆ.

ಮಾವ ಹಣೆ ಹಣೆ ಚಚ್ಚಿಕೊಂಡ. ಅಮ್ಮ ಇಡೀ ತಪಾಸಣೆಯ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಹಾಗಾದ್ರೆ ಅದು ಕೆಲಸ ಮಾಡುತ್ತೆ. ಅಲಂಕಾರ ಅಲ್ಲ. ಅಳತೆಗೆ ಸೇರುತ್ತೆ, ಪೆಟ್ಟಿಗೆಯಿಂದ ಹೊರಗೆ ಬರುತ್ತೆ, ಅದಕ್ಕೇ ತೆಗೀಬೇಕು." ನಾಲ್ಕು ಹೆಜ್ಜೆ ಹೋದವಳು ಮತ್ತೆ ನಿಂತು, ತಿರುಗದೆ, ತಪಾಸಕನನ್ನು ಮೆಲ್ಲಗೆ ಕೇಳಿದಳು. "ಹಿಡಿ ಹೇಗಿದೆ ಅದ್ರದ್ದು? ಬಾತುಕೋಳಿನಾ?"

ಹೌದು ಮೇಡಂ ಎಂದ ಅವನು. ಅಮ್ಮ ನಿಟ್ಟುಸಿರು ಬಿಟ್ಟು ಹೊರಟುಹೋದಳು.

ಕೊಡೆಯನ್ನು ನಾನೇ ಬಿಚ್ಚಿದೆ. ಮಾವ ಮುಖ ಸಿಂಡರಿಸಿಕೊಂಡು ಸ್ಪ್ಯಾನರ್ ಕೊಟ್ಟ. ಕೊಡೆಯಿಲ್ಲದ ನಮ್ಮ ರೋಬೋಟ್ ಕಣದಲ್ಲಿ ಚೆಂಡುಗಳನ್ನು ಹಣೆಯಿಂದ ನೂಕಿಕೊಂಡು ಹೋಯಿತು. ಅರ್ಧ ಚೆಂಡು ನಮ್ಮ ಮೂಲೆಗೆ ಹೋದರೆ ಇನ್ನರ್ಧ ಎದುರಾಳಿಯ ಮೂಲೆಗೆ. ಒಂದೇ ಪಂದ್ಯ ಗೆದ್ದೆವು, ಅದೂ ಎದುರಿನ ರೋಬೋಟ್ ತಾನಾಗಿ ಮಗುಚಿಕೊಂಡಿದ್ದಕ್ಕೆ. ಮಧ್ಯಾಹ್ನದೊಳಗೆ ನಮ್ಮ ಕಥೆ ಮುಗಿಯಿತು. ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳು. ನನ್ನದು ಕಣಕ್ಕೆ ಇಳಿಯಲೇ ಇಲ್ಲ, ಇನ್ನು ಇಳಿಯುವುದೂ ಇಲ್ಲ. ಆದರೆ ನಮ್ಮ ಮೇಜಿನ ಸುತ್ತ ಗುಂಪು ಕರಗಲಿಲ್ಲ. ಸಮಿತಿಯೇ ಕೆಲಸ ಮಾಡುತ್ತದೆ ಎಂದು ಹೊರಗೆ ಹಾಕಿದ ಕೊಡೆ ಇದೇನಾ ಎಂದು ಬೇರೆ ಬೇರೆ ಶಾಲೆಯವರು ಬಂದು ಬಂದು ಕೇಳಿದರು. ಮೊದಲ ಬಾರಿಗೆ ನಾನು ಮಾಡಿದ್ದನ್ನು ನಾನೇ ವಿವರಿಸಿದೆ. ಬ್ಯಾನರ್ ಹಿಡಿಯಲು ಮಾವನನ್ನು ನಿಲ್ಲಿಸಿದೆವು.

ಬಹುಮಾನ ಹಂಚಿ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮನೆಯ ನಿಯಮ ಮುಗಿದಿತ್ತು, ಇನ್ನು ಮಾತಾಡಬಹುದಿತ್ತು. ಆದರೆ ಇಷ್ಟು ದಿನ ಬೀಗ ಹಾಕಿಟ್ಟ ಮಾತಿಗೆ ಬೀಗದ ಕೈ ಎಲ್ಲಿಟ್ಟೆವೆಂದು ಎಲ್ಲರೂ ಮರೆತಂತಿತ್ತು. ಮಾವ ಒಂದು ಕುರ್ಚಿಯಲ್ಲಿ, ಅಮ್ಮ ಇನ್ನೊಂದರಲ್ಲಿ, ಅಪ್ಪ ಪೇಪರಿನ ಹಿಂದೆ. ನಾನು ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದೆ. ಅಮ್ಮ ಫೋನು ತೆಗೆದು ಏನೋ ಕುಟ್ಟಿದಳು. ನನ್ನ ಫೋನು ಟಿಣ್ ಎಂದಿತು.

ಪ್ರಶ್ನೆ ಫಲಕದಲ್ಲಿ ಹೊಸ ಪ್ರಶ್ನೆಯೊಂದು ಬಂದಿತ್ತು. ಕೇಳಿದವರು: ಸಮಿತಿ. ಪ್ರಶ್ನೆ: ಕೊಡೆಯ ಒಡತಿ ಅದು ಕೆಲಸ ಮಾಡುವುದನ್ನು ನೋಡಬಹುದೇ?

ನಾನು ಕೂತಲ್ಲೇ ಉತ್ತರ ಕುಟ್ಟಿದೆ: ನೋಡಬಹುದು. ಈ ಸಲ ಮುಖ ಇತ್ತ ಮಾಡಿ ಕೂರತಕ್ಕದ್ದು.

ಮಾವ ಎದ್ದು ರೋಬೋಟ್ ಎತ್ತಿಕೊಂಡು ಬಂದ. ಕೊಡೆ ಸಿಕ್ಕಿಸಿದೆವು. ಚೆಂಡು ಇರಲಿಲ್ಲ, ಅಪ್ಪ ಎದ್ದುಹೋಗಿ ತನ್ನ ಕಾಲುಚೀಲಗಳನ್ನೆಲ್ಲ ಉಂಡೆ ಮಾಡಿ ತಂದು ನೆಲದ ಮೇಲೆ ಉರುಳಿಸಿದ. ಅಮ್ಮ ಕನ್ನಡಕ ಒರೆಸಿಕೊಂಡು ನೆಲದ ಮೇಲೆ ಮಂಡಿಯೂರಿ ಕೂತಳು. ನಾನು ಗುಂಡಿ ಒತ್ತಿದೆ.

ಏನೂ ಆಗಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡ. ಸುಮ್ಮನಿರು ಎಂದು ಅಮ್ಮ ಅವನತ್ತ ನೋಡದೆಯೇ ಗದರಿದಳು. ನಾನು ಬಗ್ಗಿ ನೋಡಿದೆ, ಒಂದು ದಾರ ಬಾತುಕೋಳಿಯ ಕೊಕ್ಕಿಗೆ ಸಿಕ್ಕಿಕೊಂಡಿತ್ತು. ಬಿಡಿಸಿ ಮತ್ತೆ ಒತ್ತಿದೆ. ಕೊಡೆ ಬಾಗಿತು, ಬಿಚ್ಚಿತು, ಕಾಲುಚೀಲಗಳನ್ನೆಲ್ಲ ಬಾಚಿಕೊಂಡು ಮುಚ್ಚಿತು. ಅದರ ಜೊತೆಗೆ ಅಮ್ಮನ ಸೆರಗಿನ ತುದಿಯನ್ನೂ ಎಳೆದುಕೊಂಡಿತು.

ಅಮ್ಮ ಸೆರಗು ಬಿಡಿಸಿಕೊಳ್ಳಲಿಲ್ಲ. ಹಾಗೇ ಕೊಡೆಗೆ ಸಿಕ್ಕಿಕೊಂಡೇ ನನ್ನ ಮುಖ ನೋಡಿದಳು. "ಕೆಲಸ ಮಾಡುತ್ತೆ ಕಣೇ" ಎಂದಳು. ಅದು ಸಮಿತಿಯ ದನಿ ಆಗಿರಲಿಲ್ಲ.

ಆಮೇಲೆ ಮಾವನ ಕಡೆ ತಿರುಗಿ, ನಾಳೆ ಸಂಜೆಯೊಳಗೆ ತನಗೆ ಒಂದು ಹೊಸ ಕೊಡೆ ತಂದುಕೊಡಬೇಕು ಎಂದು ಅಪ್ಪಣೆ ಮಾಡಿದಳು. ಎಂಥ ಕೊಡೆ ಎಂದು ನಿಯಮದಲ್ಲಿ ಸ್ಪಷ್ಟವಾಗಿಲ್ಲವಲ್ಲ ಎಂದು ಮಾವ ಆಗಲೇ ಯೋಚಿಸತೊಡಗಿದ್ದ.